ಗೊಂಬೆಮೆಟ್ಟಿಲ ಕೆಳಗೊಂದು ಮಿಲಿಟರಿ ಲಾರಿ

ಮೊನ್ನೆ ನಡುಮನೆ ಗುಡಿಸುವಾಗ ಒಂದು ಕಾಲು ಸಿಕ್ಕಿತು. ಬೂಟು ಹಾಕಿದ ಕಾಲು. ಹೆದರಬೇಡಿ, ಭತ್ತದ ಕಾಳಿಗಿಂತ ಒಂದಿಷ್ಟು ಉದ್ದ, ಅಷ್ಟೆ. ಮೊಣಕಾಲಿನ ಹತ್ತಿರ ಪ್ಯಾಂಟಿನ ಸುಕ್ಕು ಕೂಡ ಕಾಣುತ್ತಿತ್ತು. ಮೊರದಲ್ಲಿ ಕಡಲೆಕಾಯಿ ಸಿಪ್ಪೆ, ಕೂದಲುಂಡೆ, ಬಾಡಿದ ಸೇವಂತಿಗೆ, ಅವುಗಳ ಮಧ್ಯೆ ಯಾವುದೋ ದೇಶದ ಯಾವನೋ ಸಿಪಾಯಿಯ ಕಾಲು. ಎತ್ತಿ ಅಂಗೈ ಮೇಲಿಟ್ಟುಕೊಂಡು ನೋಡಿದೆ. ದಸರಾ ಮುಗಿದು ದೀಪಾವಳಿ ಹತ್ತಿರ ಬಂದಿದ್ದರೂ ಹೊಟ್ಟೆಯೊಳಗೆ ಆ ಉರಿ ಮತ್ತೆ ಚುರುಕ್ಕೆಂದಿತು.

ಗಂಡ ಇನ್ನೊಬ್ಬಳನ್ನು ನೋಡಿದನೆಂದು ಹೊಟ್ಟೆಕಿಚ್ಚು ಪಡುವ ಹೆಂಗಸರನ್ನು ನೀವು ಕಂಡಿರುತ್ತೀರಿ. ನನ್ನ ಗಂಡ ಒಂದು ಲಾರಿಯನ್ನು ನೋಡಿದರು. ಅದೂ ಅಂಗೈಯಗಲದ ಲಾರಿ, ಪ್ಲಾಸ್ಟಿಕ್ಕಿನದು. ಇದನ್ನು ಯಾರ ಹತ್ತಿರ ಹೇಳಿಕೊಂಡರೂ ನಗುತ್ತಾರೆಂದು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ನೀವೂ ನಗುವುದಾದರೆ ನಗಿ.

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಚಿಕ್ಕಂದಿನಿಂದಲೂ ಪಳಗಿದವಳು. ಹಾಗೆಂದು ಕಂಡಕಂಡದ್ದಕ್ಕೆಲ್ಲ ಉರಿದುಕೊಳ್ಳುವವಳಲ್ಲ. ಅವರಿವರು ಸೈಟು ಕೊಂಡರೆ, ಕಾರು ಬದಲಾಯಿಸಿದರೆ, ಕತ್ತಿನ ತುಂಬ ಚಿನ್ನ ಹಾಕಿಕೊಂಡು ಬಂದರೆ ನನಗೆ ಏನೂ ಅನ್ನಿಸುವುದಿಲ್ಲ. ಆದರೆ ನಮ್ಮ ಶಾಲೆಯ ಗಣಿತದ ಮೇಡಂ ಬೋರ್ಡಿನ ಮೇಲೆ ಗೆರೆ ಎಳೆದ ಹಾಗೆ ಸಾಲು ಬರೆಯುತ್ತಾರಲ್ಲ, ಅದನ್ನು ನೋಡಿದರೆ ಆಗುವುದಿಲ್ಲ. ಅವರ ಪೀರಿಯಡ್ಡು ಮುಗಿದ ಮೇಲೆ ನಾನು ತರಗತಿಗೆ ಹೋದರೆ ಮೊದಲು ಮಾಡುವ ಕೆಲಸ ಬೋರ್ಡು ಒರೆಸುವುದು. ನನ್ನ ತಂಗಿಯ ಕೈಯಲ್ಲಿ ಒತ್ತು ಶಾವಿಗೆ ತುಂಡಾಗದೆ ಇಳಿಯುತ್ತದೆ, ಅದಕ್ಕೂ ನಾನು ಅವಳನ್ನು ಪೂರ್ತಿ ಕ್ಷಮಿಸಿಲ್ಲ. ಯಾರದಾದರೂ ಕೈಕೆಲಸ ನನ್ನದಕ್ಕಿಂತ ನೇರ್ಪಾಗಿ ಕಂಡರೆ ಸಾಕು, ಆ ದಿನದ ಊಟ ರುಚಿಸುವುದಿಲ್ಲ.

ಇದು ಶುರುವಾದದ್ದು ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಲ್ಲಿ. ಅದು ನನ್ನ ತವರು. ನಮ್ಮದು ಬೇಸಾಯದ ಮನೆ, ದಸರಾ ಎಂದರೆ ಕುಡುಗೋಲು, ಮಚ್ಚು, ನೇಗಿಲು ತೊಳೆದು ಕುಂಕುಮ ಇಡುವುದು. ಗೊಂಬೆ ಕೂರಿಸುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಗೊಂಬೆ ಇದ್ದದ್ದು ಮೇಷ್ಟರ ಮನೆಯಲ್ಲಿ. ಸಂಜೆಯಾದರೆ ನಾವು ಹುಡುಗಿಯರೆಲ್ಲ ಸೇರಿ ಅವರ ಬಾಗಿಲಲ್ಲಿ ನಿಂತು "ಗೊಂಬೆ ಕೂರ್ಸಿದ್ದೀರಾ?" ಎಂದು ಕೂಗುತ್ತಿದ್ದೆವು. ಒಳಗೆ ಕರೆದು ಗೊಂಬೆ ತೋರಿಸಿ, ಹೋಗುವಾಗ ಕಾಗದದ ಪೊಟ್ಟಣದಲ್ಲಿ ಉಸಲಿಯನ್ನೋ ಕೊಬ್ಬರಿ ಮಿಠಾಯಿಯನ್ನೋ ಕೊಡುತ್ತಿದ್ದರು. ಗೊಂಬೆ ಬಾಗಿನ ಎನ್ನುತ್ತಾರೆ ಅದಕ್ಕೆ. ಉಳಿದವರಿಗೆ ಪೊಟ್ಟಣದ ಮೇಲೆ ಕಣ್ಣು, ನನಗೆ ಮೇಷ್ಟರ ಮಗಳು ಇಂದಿರಾಳ ಮೇಲೆ ಕಣ್ಣು. ಅವಳು ಮೆಟ್ಟಿಲ ಪಕ್ಕದಲ್ಲಿ ಮಣೆ ಹಾಕಿಕೊಂಡು, ತಾನೂ ಒಂದು ಗೊಂಬೆಯೆನ್ನುವ ಹಾಗೆ ಕೂತು, "ಮುಟ್ಬೇಡಿ, ನೋಡಿ ಅಷ್ಟೆ" ಎನ್ನುತ್ತಿದ್ದಳು. ಆ ಮಾತನ್ನು ಹೇಳುವ ಅಧಿಕಾರ ಇದೆಯಲ್ಲ, ಅದು ನನಗೆ ಬೇಕಾಗಿತ್ತು.

ಮನೆಗೆ ಬಂದು ನಾನೂ ಗೊಂಬೆ ಕೂರಿಸಿದೆ. ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಈರುಳ್ಳಿಯ ರಾಜ, ಬದನೆಕಾಯಿಯ ರಾಣಿ, ಸುತ್ತ ಹಸಿಮೆಣಸಿನಕಾಯಿಯ ಸಿಪಾಯಿಗಳು. ತಂಗಿಯನ್ನು ಕರೆದು "ಮುಟ್ಬೇಡ, ನೋಡು ಅಷ್ಟೆ" ಎಂದೆ. ಮಾರನೆಯ ದಿನ ಎದ್ದು ನೋಡಿದರೆ ಅವ್ವ ರಾಣಿಯನ್ನು ಹೆಚ್ಚಿ ಸಾರಿಗೆ ಹಾಕಿದ್ದಳು.

ಆದ್ದರಿಂದ ಕೆಲಸಕ್ಕೆ ಸೇರಿ ಮೊದಲ ಸಂಬಳ ಬಂದಾಗ ನಾನು ಮೈಸೂರಿಗೆ ಹೋಗಿ ಕೊಂಡದ್ದು ಸೀರೆಯಲ್ಲ, ವಾಚಲ್ಲ, ಮರದ ಪಟ್ಟದ ಗೊಂಬೆ. ರಾಜ ರಾಣಿಯರ ಜೋಡಿ. ಗೊಂಬೆಯ ಪದ್ಧತಿ ಇರುವ ಮನೆಗಳಲ್ಲಿ ಮದುವೆಯಲ್ಲಿ ಹೆಣ್ಣಿಗೆ ತವರಿನವರು ಕೊಡುವ ಗೊಂಬೆ ಅದು. ನನಗೆ ನಾನೇ ತವರಾದೆ. ಮದುವೆಯಾಗಿ ಶ್ರೀರಂಗಪಟ್ಟಣಕ್ಕೆ ಬಂದು, ಗಂಜಾಂನಲ್ಲಿ ಮನೆ ಮಾಡಿದ ಮೊದಲ ವರ್ಷದಿಂದಲೇ ಮೆಟ್ಟಿಲು ಕಟ್ಟಿದೆ. ಶೆಟ್ಟಿ ಶೆಟ್ಟಮ್ಮನ ಅಂಗಡಿ ಬಂತು, ದಶಾವತಾರ ಬಂತು, ಮದುವೆ ದಿಬ್ಬಣ ಬಂತು. ವರ್ಷ ವರ್ಷಕ್ಕೆ ಮೆಟ್ಟಿಲು ಏರುತ್ತ ಹೋಯಿತು. ನಮ್ಮ ಬೀದಿಯ ಮಕ್ಕಳು ನಮ್ಮ ಮನೆಯನ್ನು ಗೊಂಬೆ ಟೀಚರ ಮನೆ ಎಂದೇ ಗುರುತಿಸುವುದು. ಗುರುತಿಸುತ್ತಿದ್ದದ್ದು ಎನ್ನಬೇಕು.

ಈ ವರ್ಷ ನಾನು ಒಂದು ಕೆಲಸ ಮಾಡಿದ್ದೆ. ಪಟ್ಟದ ರಾಣಿಗೆ ಪ್ರತಿ ವರ್ಷ ಹೊಸ ಸೀರೆ ಉಡಿಸುತ್ತೇನೆ, ಸಾಮಾನ್ಯವಾಗಿ ರವಿಕೆ ಕಣದ ಅಂಚು ಕತ್ತರಿಸಿ ಉಡಿಸಿದರೆ ಆಯಿತು. ಈ ಸಲ ಒಂದು ಬಿಳಿ ರೇಷ್ಮೆ ತುಂಡಿನ ಮೇಲೆ ನಾನೇ ಕಸೂತಿ ಹಾಕಿದೆ. ಬೇಸಿಗೆ ರಜೆಯಿಂದ ಹಿಡಿದು, ಶಾಲೆಯಲ್ಲಿ ಬಿಡುವು ಸಿಕ್ಕಾಗಲೆಲ್ಲ. ಅಂಚಿನುದ್ದಕ್ಕೂ ಹಂಸ, ಸೆರಗಿನಲ್ಲಿ ತೇರಿನ ಹೂ. ದಾರದ ಎಳೆ ಬಿಡಿಸಿ ಒಂದೊಂದೇ ಎಳೆಯಲ್ಲಿ ಹಾಕಿದ್ದು. ಯಾರಿಗೂ ಹೇಳಿರಲಿಲ್ಲ. ದಸರಾದಲ್ಲಿ ಯಾರಾದರೂ ಒಬ್ಬರು, ಒಬ್ಬರೇ ಸಾಕು, ಬಗ್ಗಿ ನೋಡಿ "ಇದನ್ನ ಯಾರು ಹಾಕಿದ್ದು?" ಎಂದು ಕೇಳಬೇಕು ಎಂಬುದು ನನ್ನ ಆಸೆ. ಮುಖ್ಯವಾಗಿ ಪದ್ದಮ್ಮನವರು ಕೇಳಬೇಕು. ಅವರು ನಮ್ಮ ಎದುರು ಮನೆಯವರು, ದೇವಸ್ಥಾನದ ಮನೆತನ, ಗೊಂಬೆಯ ವಿಷಯದಲ್ಲಿ ನಮ್ಮ ಬೀದಿಗೆ ಅವರದೇ ಕೊನೆಯ ಮಾತು. ಇಷ್ಟು ವರ್ಷಗಳಲ್ಲಿ ನನ್ನ ಗೊಂಬೆ ನೋಡಿ ಅವರು ಹೇಳಿರುವುದು "ಚೆನ್ನಾಗಿದೆ ಟೀಚರೇ" ಎಂಬ ಒಂದೇ ಮಾತು. ಅದಕ್ಕೊಂದು ಬಾಲ ಬೆಳೆಸುವುದು ನನ್ನ ಹಟವಾಗಿತ್ತು.

ಇತ್ತ ನಮ್ಮೆಜಮಾನರು. ಪಾಂಡವಪುರದ ಕಡೆ ನೀರಾವರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದು ಹೋದ ವರ್ಷ ನಿವೃತ್ತರಾದರು. ನಿವೃತ್ತರಾದ ಗಂಡಸು ಮನೆಯಲ್ಲಿ ಏನು ಮಾಡುತ್ತಾನೆಂಬುದು ನಿಮಗೆ ಗೊತ್ತಿರಬಹುದು. ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ನೋಡುತ್ತಾನೆ, ಮುಚ್ಚುತ್ತಾನೆ. ಸ್ಟವ್ವಿನ ಉರಿ ಜಾಸ್ತಿಯಾಯಿತು ಎನ್ನುತ್ತಾನೆ. ನಾನು ಇನ್ನೂ ಕೆಲಸದಲ್ಲಿರುವವಳು, ಬೆಳಿಗ್ಗೆ ಬಸ್ಸು ಹಿಡಿಯಬೇಕಾದವಳು, ಆ ಹೊತ್ತಿನಲ್ಲಿ ಹಿಂದೆ ನಿಂತು "ಬೇಳೆ ಬೆಂದಿಲ್ಲ ಕಣಮ್ಮಿ" ಎಂದರೆ ಎಲ್ಲಿಂದ ತಾಳ್ಮೆ ಬರಬೇಕು? ನಮ್ಮ ಮಗಳು ಶೀಲಾ ನಾಗಮಂಗಲದಲ್ಲಿ ಹಲ್ಲಿನ ಡಾಕ್ಟರು. ನನ್ನ ಗೋಳು ಕೇಳಲಾರದೆ ಒಂದು ಡಬ್ಬಿ ತರಿಸಿಕೊಟ್ಟಳು. ಡಬ್ಬಿಯೊಳಗೆ ಎರಡನೇ ಮಹಾಯುದ್ಧದ ಮಿಲಿಟರಿ ಲಾರಿ, ಬಿಡಿಬಿಡಿಯಾಗಿ. ನಿಜವಾದ ಲಾರಿಯ ಮೂವತ್ತೈದರಲ್ಲೊಂದು ಪಾಲು. ಜೊತೆಗೆ ನಾಲ್ಕು ಜನ ಸಿಪಾಯಿಗಳು, ಅವರೂ ಬಿಡಿಬಿಡಿ, ಕೈ ಬೇರೆ, ತಲೆ ಬೇರೆ. ಕೆಲಸಕ್ಕಿರಲಿ ಎಂದು ತನ್ನ ಕ್ಲಿನಿಕ್ಕಿನ ಹಳೆಯ ಹಲ್ಲು ಕೆರೆಯುವ ಕಡ್ಡಿಗಳನ್ನೂ ಕೊಟ್ಟಳು. ಅಂದಿನಿಂದ ಅವಳಪ್ಪ ಅಡುಗೆಮನೆ ಬಿಟ್ಟರು. ನಾನು ಮಗಳಿಗೆ ಫೋನು ಮಾಡಿ ಹರಸಿದೆ. ಆ ಹರಕೆಯನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ತೆಗೆದುಕೊಳ್ಳುತ್ತೇನೆ.

ಡಬ್ಬಿಯ ಮೇಲಿನ ಚಿತ್ರದಲ್ಲಿ ಲಾರಿ ಹಿಮದಲ್ಲಿ ನಿಂತಿತ್ತು, ಹಿಂದೆ ಬಾಂಬು ಬಿದ್ದ ಚರ್ಚು. ನಮ್ಮವರು ಅದನ್ನು ನೋಡಿ ತಲೆಯಾಡಿಸಿದರು. "ನಾನು ಫ್ರಿಜ್ಜಿನೊಳ್ಗೆ ಬುಟ್ರೆ ಬೇರೆಲ್ಲೂ ಐಸು ಕಂಡಿಲ್ಲ ಕಣಮ್ಮಿ. ಕಾಣದೇ ಇರೋದ್ನ ಎಂಗೆ ಮಾಡ್ಲಿ?" ಎಂದವರು, ಲಾರಿಯನ್ನು ತಮ್ಮೂರು ಕ್ಯಾತನಹಳ್ಳಿಯ ನಾಲೆ ಏರಿಯ ಮೇಲೆ ನಿಲ್ಲಿಸುವುದೆಂದು ತೀರ್ಮಾನಿಸಿದರು. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳು ಆ ಕಡೆ ಹಾದುಹೋಗುತ್ತಿದ್ದವೆಂದು ನಮ್ಮ ಮಾವ ಹೇಳುತ್ತಿದ್ದರಂತೆ. ಯುದ್ಧ ಮುಗಿದು ಎಷ್ಟೋ ವರ್ಷಗಳ ಮೇಲೆ ಅಂಥದೇ ಒಂದು ಲಾರಿ ಕೈಯಿಂದ ಕೈಗೆ ಮಾರಾಟವಾಗಿ ಮಾವನ ಪಾಲಿಗೆ ಬಂದು, ಫ್ಯಾಕ್ಟರಿಗೆ ಕಬ್ಬು ಹೊರುತ್ತಿತ್ತು. ನಮ್ಮವರು, ಅವರಣ್ಣ ಅದರ ಮೇಲೆ ಕೂತು ಬೆಳೆದವರು. ನಾನು ಮದುವೆಯಾಗಿ ಬರುವ ಹೊತ್ತಿಗೆ ಅದು ಗುಜರಿಗೆ ಹೋಗಿಯಾಗಿತ್ತು.

ನಾಲೆ ಏರಿ ಎಂದ ಮೇಲೆ ಮಣ್ಣು ಬೇಕಲ್ಲ. ಗದ್ದೆಯಿಂದ ಮಣ್ಣು ತಂದು ನನ್ನ ಕಾಫಿ ಸೋಸುವ ಜರಡಿಯಲ್ಲಿ ಜಾಲಿಸಿದರು. ಜಲ್ಲಿಕಲ್ಲಿಗೆ ಗಸಗಸೆ. ಪಾಯಸ ಮಾಡೋಣವೆಂದು ಡಬ್ಬಿ ತೆಗೆದರೆ ತಳದಲ್ಲಿ ನಾಲ್ಕು ಕಾಳು. ಹೊಸ ಪೊರಕೆಯ ತುದಿ ಕತ್ತರಿಸಿ, ಹಸಿರು ಕಾಗದದ ಗರಿ ಅಂಟಿಸಿ, ಕಬ್ಬಿನ ಗದ್ದೆ ಮಾಡಿದರು. ನಮ್ಮ ಪೊರಕೆ ಒಂದೇ ಕಡೆ ಮೊಂಡಾಗಿ, ಗುಡಿಸಿದರೆ ಕಸ ಅರ್ಧಕ್ಕೇ ನಿಲ್ಲುತ್ತಿತ್ತು. ಒಣಗಿದ ತುಳಸಿಯ ಬೇರು ಹೊಂಗೆಮರವಾಯಿತು. ಒಬ್ಬ ಸಿಪಾಯಿಯ ಕಬ್ಬಿಣದ ಟೋಪಿಯನ್ನು ಹಲ್ಲಿನ ಕಡ್ಡಿಯಲ್ಲಿ ಕೆರೆದು, ಮೇಲೆ ಗಾಯಕ್ಕೆ ಕಟ್ಟುವ ಬಟ್ಟೆ ಸುತ್ತಿ, ರುಮಾಲಿನ ಗೌಡನನ್ನಾಗಿ ಮಾಡಿದರು. ಆ ಗೌಡ ಗುದ್ದಲಿ ಹಿಡಿದು, ಲಾರಿಯನ್ನು ನೋಡುತ್ತ ನಿಂತ. ಒಬ್ಬ ಸಿಪಾಯಿ ನಾಲೆಯಲ್ಲಿ ಮುಖ ತೊಳೆಯುತ್ತಿದ್ದ. ಒಬ್ಬ ಲಾರಿಯೊಳಗೆ ಬಂದೂಕು ಪಕ್ಕಕ್ಕಿಟ್ಟು ಮೂಟೆಗಳ ಮೇಲೆ ಮಲಗಿದ್ದ. ಡ್ರೈವರು ಬಾಗಿಲ ಹತ್ತಿರ ಕಾಲು ಇಳಿಬಿಟ್ಟು ಕೂತು ಬೀಡಿ ಸೇದುತ್ತಿದ್ದ.

ಆ ಡ್ರೈವರಿನ ಗಡ್ಡ ಬಳಿಯಲು ಹಣೆಗೆ ಕಟ್ಟಿಕೊಳ್ಳುವ ಒಂದು ಭೂತಗನ್ನಡಿ ತರಿಸಿದರು. ಕಿಟಕಿಯ ಬೆಳಕಿಗೆ ಕೂತು, ಉಸಿರು ಬಿಗಿಹಿಡಿದು, ವಾರಗಟ್ಟಲೆ ಅವನ ಮುಖ ನೋಡಿದರು. ಮದುವೆಯಾದ ಹೊಸದರಲ್ಲಿ ಕೂಡ ಈ ಮನುಷ್ಯ ನನ್ನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ನನಗೆ ನೆನಪಿಲ್ಲ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ನಾನು ಹಂಸಕ್ಕೆ ಕೊಕ್ಕು ಹಾಕುತ್ತ ಕೂತಿರುತ್ತಿದ್ದೆ. "ಏನ್ ಹೊಲೀತಿದ್ದೀಯ?" ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದು, "ಆ ಸಣ್ಣ ಕತ್ರಿ ಕೆಲ್ಸ ಮುಗೀತಾ?" ಎಂದು.

ದಸರಾ ಬಂತು. ಲಾರಿಯೂ ಮುಗಿದಿತ್ತು. ಮೆಟ್ಟಿಲ ಕೆಳಗೆ ಪ್ರತಿ ವರ್ಷ ನಾನು ರಾಗಿ ಮೊಳಕೆ ಹಾಕಿ ಪಾರ್ಕು ಮಾಡುವ ಜಾಗವಿದೆ. "ಅಲ್ಲಿಡ್ಲಾ?" ಎಂದರು. ಕೇಳಿದ ರೀತಿ ಹೇಗಿತ್ತೆಂದರೆ, ಅಮ್ಮನ ಹತ್ತಿರ ಐಸ್‌ಕ್ಯಾಂಡಿಗೆ ಕೇಳುವ ಹುಡುಗರ ಹಾಗೆ. ಪಾಪ ಅನ್ನಿಸಿತು. "ಇಡಿ, ಒಂದು ಗೊಂಬೆ ಜಾಸ್ತಿಯಾಯ್ತು ಅಷ್ಟೆ" ಎಂದೆ. "ಗೊಂಬೆ ಅಲ್ಲ ಕಣಮ್ಮಿ, ಮಾಡೆಲ್ಲು" ಎಂದರು, ಸ್ವಲ್ಪ ಬಿಗುವಾಗಿ.

ಮೊದಲ ಸಂಜೆ ಮಕ್ಕಳು ಬಂದರು. ಬಾಗಿಲಲ್ಲಿ "ಗೊಂಬೆ ಕೂರ್ಸಿದ್ದೀರಾ?" ಎಂದು ಕೂಗಿದ್ದಷ್ಟೇ ನನ್ನ ಪಾಲಿಗೆ. ಒಳಗೆ ಬಂದವರು ದಡಾರನೆ ನೆಲಕ್ಕೆ ಕೂತು ಲಾರಿಯ ಸುತ್ತ ಮುತ್ತಿಕೊಂಡರು. ಎರಡನೆಯ ಸಂಜೆ ಆ ಮಕ್ಕಳ ಅಪ್ಪಂದಿರು ಬಂದರು. ನಿಮಗೆ ಗೊತ್ತಲ್ಲ, ಗೊಂಬೆ ನೋಡಲು ಗಂಡಸರು ಬರುವುದಿಲ್ಲ, ಬಂದರೂ ಬಾಗಿಲಲ್ಲಿ ನಿಂತು ಕತ್ತು ಹಾಕಿ ಹೋಗುತ್ತಾರೆ. ಇವರು ಬಂದು ಚಕ್ಕಳಮಕ್ಕಳ ಹಾಕಿ ಕೂತರು, ಕಾಫಿ ಕುಡಿದರು, ಆಕ್ಸೆಲ್ಲು, ಗೇರು ಎಂದು ಮಾತಾಡಿದರು. ನನ್ನ ರಾಜ ರಾಣಿಯರಿಗೆ ಕಂಡದ್ದು ಸಾಲುಸಾಲು ಬೆನ್ನುಗಳು. ಒಬ್ಬರಂತೂ ಆಯಾಸವೆಂದು ಕೆಳಗಿನ ಮೆಟ್ಟಿಲಿಗೇ ಒರಗಲು ಹೋಗಿ, ನನ್ನ ಶೆಟ್ಟಮ್ಮ ಉರುಳಿಬಿದ್ದಳು.

ಇನ್ನೊಂದು ಸಂಕಟ ಹೇಳುತ್ತೇನೆ ಕೇಳಿ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವಳು. ಎರಡನೇ ಮಹಾಯುದ್ಧವನ್ನು ಪ್ರತಿ ವರ್ಷ ಗಂಟಲು ಹರಿಯುವ ಹಾಗೆ ಪಾಠ ಮಾಡುತ್ತೇನೆ, ಭೂಪಟ ತೂಗುಹಾಕುತ್ತೇನೆ, ಮಕ್ಕಳು ಆಕಳಿಸುತ್ತವೆ. ಅವೇ ಮಕ್ಕಳು ನಮ್ಮ ನಡುಮನೆಯಲ್ಲಿ ಬಾಯಿ ಬಿಟ್ಟುಕೊಂಡು ಕೂತು, "ಅಂಕಲ್, ಯುದ್ಧ ಯಾಕಾಯ್ತು ಅಂಕಲ್?" ಎಂದು ಕೇಳಿದವು. ಯಾರನ್ನು? ಜೀವಮಾನವೆಲ್ಲ ನಾಲೆಯ ನೀರಿನ ಕಾಗದ ಬರೆದ ಗುಮಾಸ್ತರನ್ನು. ಅವರು ನನ್ನ ಕಡೆ ತಿರುಗಿ, "ಯಾಕಾಯ್ತು ಕಣಮ್ಮಿ?" ಎಂದರು. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಕ್ಕಳು ಬೀಡಿಯ ತುದಿಯ ಕೆಂಪು ನೋಡುತ್ತಿದ್ದವು.

ಸಂಜೆ ಮೇಲೆ ಸಂಜೆ ಹೀಗೇ ಕಳೆಯಿತು. ಕ್ಯಾತನಹಳ್ಳಿಯಿಂದ ಬಂದ ನಾದಿನಿ, "ಅತ್ಗೆ, ನಿಮ್ ಗೊಂಬೆ ವರ್ಸಾ ವರ್ಸಾ ನೋಡಿದ್ದೇ ಅಲ್ವಾ, ಕುಂತ್ಕಳಿ, ನಮ್ಮಣ್ಣನ್ ಲಾರಿ ತೋರುಸ್ತೀನಿ" ಎಂದು ನನ್ನ ಮನೆಯಲ್ಲಿ ನನಗೇ ತೋರಿಸಿದಳು. ರಾಣಿಯ ಸೀರೆಯನ್ನು ಯಾರೂ ಕೇಳಲಿಲ್ಲ. ನಾನು ದೀಪ ಸರಿಮಾಡುವ ನೆವದಲ್ಲಿ ರಾಣಿಯನ್ನು ಒಂದೊಂದು ಮೆಟ್ಟಿಲು ಕೆಳಗೆ ತಂದೆ. ಪಟ್ಟದ ಗೊಂಬೆ ಮೇಲಿರಬೇಕು, ಗೊತ್ತು. ಆದರೂ ತಂದೆ. ಕೊನೆಗೆ ಅವಳು ಶೆಟ್ಟರ ಅಂಗಡಿಯ ಪಕ್ಕದಲ್ಲಿ ತರಕಾರಿಗೆ ಬಂದವಳಂತೆ ನಿಂತಿದ್ದಳು. ಆಗಲೂ ಕೇಳಲಿಲ್ಲ. ನನಗೆ ಅಳು ಬಂತು, ಒಳಗೆ ಹೋಗಿ ಕಾಫಿಗೆ ಹಾಲಿಟ್ಟೆ.

ಆಯುಧಪೂಜೆಯ ದಿನ ಬಾವ ಬಂದರು. ನಮ್ಮೆಜಮಾನರ ಅಣ್ಣ. ಊರಿನಲ್ಲಿ ಬೇಸಾಯ ನೋಡಿಕೊಂಡಿರುವವರು. ಬೆಳಿಗ್ಗೆ ತಮ್ಮ ಟ್ರಾಕ್ಟರಿನ ಪೂಜೆ ಮುಗಿಸಿ, ನಮಗೆ ಕಬ್ಬು, ಬಾಳೆಕಂದು, ಬೂದುಗುಂಬಳ ಹೊತ್ತುಕೊಂಡು ಬರುವುದು ಅವರ ವಾಡಿಕೆ. ಬಾಗಿಲಲ್ಲಿ ಕಬ್ಬು ಇಳಿಸಿ ಒಳಗೆ ಕಾಲಿಟ್ಟವರು ಹಾಗೇ ನಿಂತುಬಿಟ್ಟರು.

"ಲೇ, ಇದು ಅಪ್ಪನ ಲಾರಿ ಅಲ್ವೇನ್ಲಾ?"

"ಅದೇ ತರದ್ದು ಕಣಣ್ಣ. ಮಿಲಿಟ್ರಿಲಿ ಇದ್ದಾಗ ಎಂಗಿತ್ತೋ ಅಂಗೆ" ಎಂದರು ಇವರು, ಎದೆ ಉಬ್ಬಿಸಿ.

"ಪೂಜೆ ಆಯ್ತಾ?"

"ಯಾತ್ರುದ್ದು?"

"ಯಾತ್ರುದ್ದು ಅಂದ್ರೆ? ಇವತ್ತು ಆಯುದಪೂಜೆ ಕಣ್ಲಾ. ಗಾಡಿನೂ ಅದೆ, ಗಾಡಿಯೊಳ್ಗೆ ಬಂದೂಕೂ ಅದೆ. ಎರಡೂ ಇರೋ ವಸ್ತುನ ಇಂಗೆ ಬೋಳಾಗಿ ನಿಲ್ಸ್ಕೊಂಡು ಕುಂತಿದ್ದೀಯಲ್ಲ, ಅಂಗೆ ಬುಟ್ರೆ ಆಯ್ತದಾ?"

ನಮ್ಮವರ ಮುಖ ಇಳಿಯಿತು. "ಅಣ್ಣಾ, ಇದು ಗಾಡಿ ಅಲ್ಲ. ಗೊಂಬೆ ಕಣಣ್ಣ" ಎಂದರು.

ಇದನ್ನು ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಗೊಂಬೆಯಂತೆ! ಇಷ್ಟು ದಿನ ಮಾಡೆಲ್ಲು ಮಾಡೆಲ್ಲು ಎಂದು ನನ್ನ ತಲೆ ತಿಂದವರು ಪೂಜೆಯ ವಿಭೂತಿಗೆ ಹೆದರಿ ಗೊಂಬೆ ಎಂದರು. ನನಗೆ ಎಷ್ಟು ಹಿತವಾಯಿತೆಂದರೆ ಹೋಳಿಗೆಗೆ ತುಪ್ಪ ಇನ್ನೊಂದು ಚಮಚ ಹಾಕಿದೆ.

ಬಾವ ಕೇಳಬೇಕಲ್ಲ. "ಗೊಂಬೆ ಅಂದ್ರೆ ಆ ಮ್ಯಾಲಿರವು. ಇದ್ಕೆ ಚಕ್ರ ಇಲ್ವಾ? ತಿರಗ್ತವಾ ಇಲ್ವಾ?" ಎಂದು ಬೆರಳಿನಿಂದ ಚಕ್ರ ತಿರುಗಿಸಿ ನೋಡಿದರು. ತಿರುಗಿತು. ಅಲ್ಲಿಗೆ ವಾದ ಮುಗಿಯಿತು. "ಟೀಚರಮ್ಮ, ಒಂದು ನಿಂಬೆಅಣ್ಣು ಕೊಡವ್ವ" ಎಂದರು. ಇದ್ದುದರಲ್ಲಿ ಎಲ್ಲಕ್ಕಿಂತ ಚಿಕ್ಕದನ್ನು ಹುಡುಕಿ ತಂದುಕೊಟ್ಟೆ. ಇದನ್ನು ನನ್ನ ಒಳ್ಳೆಯತನವೆಂದು ದಯವಿಟ್ಟು ಬರೆದುಕೊಳ್ಳಿ. ದೊಡ್ಡವು ಉಪ್ಪಿನಕಾಯಿಗೆ ಬೇಕಾಗಿದ್ದವು ಎಂಬುದು ಬೇರೆ ಮಾತು.

ಬಾವ ಟವಲು ಸೊಂಟಕ್ಕೆ ಬಿಗಿದು, ಟ್ರಾಕ್ಟರಿಗೆ ಹಚ್ಚುವ ಅಭ್ಯಾಸದ ಕೈಯಲ್ಲಿ ವಿಭೂತಿ ತೆಗೆದುಕೊಂಡು ಮೂರು ಬೆರಳಿನ ಪಟ್ಟೆ ಎಳೆದರು. ಒಂದು ಬೆರಳಿಗೇ ಬಾನೆಟ್ಟು ಮುಗಿಯಿತು, ಉಳಿದೆರಡು ಡ್ರೈವರಿನ ಮೇಲೂ ಗೌಡನ ಮೇಲೂ ಬಿದ್ದವು. ಮೇಲೊಂದು ಕುಂಕುಮದ ಬೊಟ್ಟು. ಒಂದು ಚೆಂಡುಹೂವನ್ನು ಇಟ್ಟರೆ ಲಾರಿಯೇ ಕಾಣದೆ, ಎಸಳು ಬಿಡಿಸಿ ಒಂದೆಸಳು ಇಟ್ಟರು. ನಮ್ಮವರು ಕೈಮುಗಿದುಕೊಂಡು ನಿಂತಿದ್ದರು, ಭಕ್ತಿಯಿಂದಲೋ ಬೇಡಿಕೊಳ್ಳುವುದಕ್ಕೋ ಹೇಳಲಾರೆ. ಅಣ್ಣನ ಮುಂದೆ ಅವರು ಇಂದಿಗೂ ಎದುರಾಡುವುದಿಲ್ಲ. ಲಾರಿಯನ್ನು ಹಲಗೆಗೆ ಇನ್ನೂ ಅಂಟಿಸಿರಲಿಲ್ಲ. ಬಾವ ಮುಂದಿನ ಚಕ್ರದಡಿಗೆ ನಿಂಬೆಹಣ್ಣು ಇಟ್ಟು, "ಮ್ಯಾಲಕ್ಕೆ ಅತ್ತು ನಮ್ಮಪ್ಪಾ" ಎಂದು ಹಿಂದಿನಿಂದ ನೂಕಿದರು. ನಿಜವಾದ ಗಾಡಿಗೆ ಸಿಕ್ಕ ನಿಂಬೆಹಣ್ಣು ಅಪ್ಪಚ್ಚಿಯಾಗುತ್ತದೆ. ಇಲ್ಲಿ ನಿಂಬೆಹಣ್ಣಿಗೆ ಸಿಕ್ಕಿದ್ದು ಗಾಡಿ. ಟಕ್ಕೆಂದು ಸದ್ದಾಯಿತು. ಮುಂದಿನ ಆಕ್ಸೆಲ್ಲು ಮುರಿದು, ಲಾರಿ ಮೂತಿಯೂರಿ ಬಗ್ಗಿತು. ಚಕ್ರ ಉರುಳಿಕೊಂಡು ಹೋಗಿ ಶೆಟ್ಟರ ಅಂಗಡಿಯ ಮುಂದೆ ಬಿತ್ತು. ಡ್ರೈವರಿನ ಕಾಲು ಎಲ್ಲಿಗೆ ಹಾರಿತೆಂದು ಆಗ ಯಾರಿಗೂ ಸಿಗಲಿಲ್ಲ.

ನನಗೆ ಸಂತೋಷವಾಯಿತು. ಸುಳ್ಳೇಕೆ ಹೇಳಲಿ, ಬಹಳ ಸಂತೋಷವಾಯಿತು. ಇನ್ನು ಒಂದೇ ಸಂಜೆಯಾದರೂ ನನ್ನ ಗೊಂಬೆಗಳ ಕಡೆ ಜನ ಮುಖ ಮಾಡುತ್ತಾರೆ ಎಂದುಕೊಂಡೆ. ಆಮೇಲೆ ಇವರ ಮುಖ ನೋಡಿದೆ. ಆದರೂ ಸಂತೋಷ ಪೂರ್ತಿ ಹೋಗಲಿಲ್ಲ.

ಬಾವ ನೆಲಕ್ಕೆ ಕುಕ್ಕರಿಸಿ ತಲೆ ಮೇಲೆ ಕೈಯಿಟ್ಟುಕೊಂಡರು. "ತಪ್ಪಾಯ್ತು ಕಣ್ಲಾ" ಎಂದರು. ಬಾವ ಮತ್ತೆ ಬಗ್ಗಿ ಲಾರಿಯನ್ನು ನೋಡಿದರು. "ಲೇ," ಎಂದರು, ದನಿಯೇ ಬೇರೆಯಾಗಿ. "ಅಪ್ಪನ ಲಾರಿನೂ ಇಂಗೇ ಮೂತಿ ಊರಿತ್ತಲ್ವೇನ್ಲಾ? ನಾಲೆ ಏರಿ ಮ್ಯಾಲೆ, ಕಬ್ಬು ತುಂಬ್ಕೊಂಡು?"

"ಊಂ ಕಣಣ್ಣ" ಎಂದರು ಇವರು ನಿಧಾನವಾಗಿ. "ಅಪ್ಪ ಲಾರಿ ಅಡಿಗೆ ಮಲ್ಗಿದ್ರು. ನಾವಿಬ್ರೂ ಕಲ್ಲು ತಂದ್ಕೊಟ್ವಲ್ಲ."

"ಸಂಜೆಗಂಟ ಕಬ್ಬು ತಿಂದು ನಿನ್ನ ಬಾಯೆಲ್ಲ ಸಿಗುದೋಗಿತ್ತು."

"ನಿಂದೂವೆ."

ಇಬ್ಬರೂ ನಗಲು ಶುರುಮಾಡಿದರು. ಅರವತ್ತು ದಾಟಿದ ಇಬ್ಬರು ಗಂಡಸರು, ನನ್ನ ಗೊಂಬೆಗಳ ಮುಂದೆ, ಒಬ್ಬರ ಭುಜ ಒಬ್ಬರು ಹಿಡಿದುಕೊಂಡು. ನಾನು ಹೋಳಿಗೆ ತಟ್ಟೆ ಹಿಡಿದು ನಿಂತೇ ಇದ್ದೆ. ಆ ಲಾರಿಯ ಮೇಲೆ ನಾನು ಕೂತವಳಲ್ಲ, ಆ ಕಬ್ಬು ತಿಂದವಳಲ್ಲ. ಹೊಟ್ಟೆಕಿಚ್ಚು ಎಂದರೆ ಅದು. ಅಷ್ಟು ದಿನ ಪಟ್ಟದ್ದು ಅದರ ಮುಂದೆ ಏನೂ ಅಲ್ಲ.

ಮಧ್ಯಾಹ್ನವೆಲ್ಲ ಇಬ್ಬರೂ ಕೂತು ಮುರಿದ ಆಕ್ಸೆಲ್ಲಿನಡಿಗೆ ಹುಣಸೆಬೀಜದ ಚೂರು ಕಲ್ಲಿನ ಹಾಗೆ ಜೋಡಿಸಿದರು. ಬಿದ್ದ ಚಕ್ರವನ್ನು ಏರಿಯ ಪಕ್ಕಕ್ಕೆ ಒರಗಿಸಿದರು. ಕಾಲು ಕಳೆದುಕೊಂಡ ಡ್ರೈವರನ್ನು ಲಾರಿಯಡಿಗೆ ಮಲಗಿಸಿದರು, ಇನ್ನೊಂದು ಕಾಲು ಮಾತ್ರ ಹೊರಗೆ ಕಾಣುವ ಹಾಗೆ. ಗೌಡ ಈಗ ಕೆಟ್ಟು ನಿಂತ ಲಾರಿಯನ್ನು ನಿಜವಾಗಿ ನೋಡುತ್ತಿದ್ದ. ಬಾವನ ವಿಭೂತಿಯನ್ನು ಒರೆಸಲು ಹೋದ ನಮ್ಮವರು ಕೈ ತಡೆದರು. ತಿಂಗಳುಗಟ್ಟಲೆ ನನ್ನ ಮುಖದ ಪೌಡರು ಹಾಕಿ ಹಾಕಿ ಬಾರದಿದ್ದ ನಾಲೆ ಏರಿಯ ಬಿಳಿ ಧೂಳು ತಾನಾಗಿ ಬಂದುಬಿಟ್ಟಿತ್ತು. ಮುರಿದ ಮೇಲೆ ಅದು ಇನ್ನೂ ಚೆನ್ನಾಯಿತು. ನನ್ನ ಅದೃಷ್ಟ ನೋಡಿ.

ಅಂದು ಸಂಜೆ ಪದ್ದಮ್ಮನವರು ಬಂದರು. ಮಂಡಿನೋವೆಂದು ದೇವರಿಗೂ ಬಗ್ಗದವರು ಲಾರಿಯ ಮುಂದೆ ಬಗ್ಗಿದರು. ಬಾವ ಪಕ್ಕದಲ್ಲಿ ಕೂತು ಕಬ್ಬಿನ ಕತೆಯನ್ನು ಹೇಳಿದರು. ಪದ್ದಮ್ಮನವರು ಕಣ್ಣೊರೆಸಿಕೊಂಡರು! "ಎಷ್ಟು ಸೊಗಸಾಗಿ ಮಾಡಿದ್ದೀರಿ, ಆ ಧೂಳು ನೋಡಿದ್ರೆ ಸೆರಗು ಮುಚ್ಕೋಬೇಕು ಅನ್ಸತ್ತೆ" ಎಂದರು. ಅಷ್ಟುದ್ದದ ಮಾತು ಅವರ ಬಾಯಲ್ಲಿ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅರಿಸಿನ ಕುಂಕುಮ ತೆಗೆದುಕೊಂಡು ಹೊರಡುವಾಗ ನೆನಪಿಸಿಕೊಂಡು, "ನಿಮ್ಮದೂ ಚೆನ್ನಾಗಿದೆ ಟೀಚರೇ" ಎಂದರು. ರಾಣಿ ಅವರ ಮೊಣಕೈಯಿಂದ ಗೇಣು ದೂರದಲ್ಲಿದ್ದಳು.

ಮಾರನೆಯ ದಿನ ವಿಜಯದಶಮಿ. ಬಾವ ಊರಿಗೆ ಹೋದರು. ಸಂಜೆ ಆರತಿ ಎತ್ತಿ, ಪಟ್ಟದ ಗೊಂಬೆಗಳನ್ನು ಮಲಗಿಸಿ ದಸರಾ ಮುಗಿಸುವುದು ಪದ್ಧತಿ. ರಾಜನನ್ನು ಪೆಟ್ಟಿಗೆಯಲ್ಲಿ ಮಲಗಿಸಿದೆ. ರಾಣಿಯನ್ನು ಎತ್ತಿಕೊಂಡು ಸೆರಗು ಸರಿಮಾಡುತ್ತಿದ್ದೆ. ಮೆಟ್ಟಿಲ ಬಟ್ಟೆ ತೆಗೆಯಲು ಅಡ್ಡವಾಗುತ್ತದೆಂದು ಇವರು ತಮ್ಮ ಹಲಗೆ ಎತ್ತಲು ಬಂದರು, ಭೂತಗನ್ನಡಿ ಹಣೆಯ ಮೇಲೆ. ಬಗ್ಗಿದವರು ಬಗ್ಗಿದಲ್ಲೇ ನಿಂತರು. ಗಾಜನ್ನು ಕಣ್ಣಿಗೆ ಇಳಿಸಿಕೊಂಡು ರಾಣಿಯ ಸೀರೆಯಂಚು ನೋಡಿದರು.

"ಇದ್ನ ಯಾರ್ ಕೈಲಿ ಮಾಡಿಸ್ದೆ?"

ಇಷ್ಟು ದಿನ ನಾನು ಕಾದ ಪ್ರಶ್ನೆ. ಬಂದದ್ದು ಈ ರೂಪದಲ್ಲಿ, ಅದೂ ಅದೇ ಕೋಣೆಯಲ್ಲಿ ಕೂತಿದ್ದ ಮನುಷ್ಯನಿಂದ. ಸಿಟ್ಟು ಬಂತು. ಆದರೂ ರಾಣಿಯನ್ನು ಬೆಳಕಿನ ಕಡೆ ಕೊಂಚ ತಿರುಗಿಸಿದೆ.

"ಒಂದೇ ಎಳೆ ದಾರ" ಎಂದರು ತಮ್ಮಷ್ಟಕ್ಕೆ. "ಅಂಸದ ಕಣ್ಣಿಗೆ ಗಂಟು ಆಕವ್ರೆ. ಎಲ್ಲಾ ಅಂಸಕ್ಕೂ! ಒಂದ್ರ ಕತ್ತು ಇನ್ನೊಂದ್ರಂಗೆ ಇಲ್ಲ, ನಡೀತಾ ಇರೋ ಅಂಗೆ ಅದೆ. ಯಾರಮ್ಮಿ ಇವ್ರು?"

"ನಾನು" ಎಂದೆ.

ಅವರು ಸೀರೆ ನೋಡಿದರು. ಆಮೇಲೆ ತಿರುಗಿ ತಮ್ಮ ಲಾರಿಯ ಟಾರ್ಪಾಲಿಗೆ ಬಿಗಿದ ಹಗ್ಗ ನೋಡಿದರು. ನೂಲಿನ ಹಗ್ಗ, ಅದು ಒಂದಿಷ್ಟು ದಪ್ಪವಾಯಿತೆಂದು ಅವರಿಗೇ ಸಮಾಧಾನವಿರಲಿಲ್ಲ. ಮತ್ತೆ ಸೀರೆ ನೋಡಿದರು. ತುಟಿಯ ಒಂದು ಕೊನೆ ಬಿಗಿಯಿತು, ಮೂಗಿನ ಹೊಳ್ಳೆ ಒಂಚೂರು ಅಗಲವಾಯಿತು. ಆ ಮುಖವನ್ನು ನಾನು ಚೆನ್ನಾಗಿ ಬಲ್ಲೆ. ಸಂತೆಬಾಚಹಳ್ಳಿಯಿಂದ ಹಿಡಿದು ಇವತ್ತಿನವರೆಗೆ ಅದನ್ನು ಹೊತ್ತು ತಿರುಗಿದವಳು ನಾನೇ ಅಲ್ಲವೇ? ಇನ್ನೊಬ್ಬರ ಮೇಲೆ ಅದು ಇಷ್ಟು ಚಂದ ಕಾಣುತ್ತದೆಂದು ತಿಳಿದಿರಲಿಲ್ಲ.

"ಈಚೆ ಕೊಡು" ಎಂದರು, ಕೈ ಚಾಚಿ. "ಕಿಟಕಿ ತಾವ ಇನ್ನೊಂದ್ಸಲ ನೋಡ್ತೀನಿ."

ನಾನು ರಾಣಿಯನ್ನು ರಾಜನ ಪಕ್ಕದಲ್ಲಿ ಮಲಗಿಸಿದೆ. ಮೇಲೆ ಬಿಳಿ ಬಟ್ಟೆ ಹೊದಿಸಿದೆ, ಅಂಚು ನಾಲ್ಕೂ ಕಡೆ ಮಡಚಿದೆ. ಪೆಟ್ಟಿಗೆ ಮುಚ್ಚಿದೆ.

"ಮಲಗ್ಸಾಯ್ತು" ಎಂದೆ. "ಮಲಗಿದ್ಮೇಲೆ ಎಬ್ಬಿಸೋ ಹಾಗಿಲ್ಲ. ಮುಂದಿನ ದಸರಾಕ್ಕೆ ನೋಡೀರಂತೆ."

ಗಾಜಿನ ಹಿಂದೆ ಇಷ್ಟಿಷ್ಟು ದೊಡ್ಡದಾದ ಕಣ್ಣುಗಳಿಂದ ಅವರು ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದರು. ನಾನು ಒಳಗೆ ಹೋಗಿ ನನ್ನೊಬ್ಬಳಿಗೇ ಒಂದು ಲೋಟ ಕಾಫಿ ಬೆರೆಸಿಕೊಂಡು, ಕೂತು, ನಿಧಾನವಾಗಿ ಕುಡಿದೆ.